ತೂಕಕ್ಕೆ ಬಂದ ಪುಸ್ತಕ, ಬೂಷ್ಟು ಹಿಡಿದ ಕ್ಯಾಸೆಟ್ಟು

ಮೈಸೂರಿನಲ್ಲಿ ಹಳೆ ಪುಸ್ತಕ ಬೇಕೆಂದರೆ ಯಾವ ಬಡಾವಣೆಯಲ್ಲಿ ಮನೆ ಕೆಡವುತ್ತಿದ್ದಾರೆ ಅಂತ ಮೊದಲು ನೋಡಬೇಕು. ಸರಸ್ವತಿಪುರಂ, ಕೃಷ್ಣಮೂರ್ತಿಪುರಂ, ಒಂಟಿಕೊಪ್ಪಲು, ಜಯಲಕ್ಷ್ಮೀಪುರಂ. ಮೇಷ್ಟ್ರುಗಳು, ಪ್ರೊಫೆಸರುಗಳು, ರಿಟೈರಾದ ಗುಮಾಸ್ತರು ಕಟ್ಟಿಸಿದ ಮನೆಗಳು. ಹಿರಿಯರು ತೀರಿಕೊಂಡಿರುತ್ತಾರೆ. ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುತ್ತಾರೆ. ಮನೆ ಮಾರಾಟವಾಗುತ್ತದೆ. ಬೀರು, ಮಂಚ, ತಾಮ್ರದ ಹಂಡೆಗೆ ಆ ದಿನವೇ ಗಿರಾಕಿ ಸಿಗುತ್ತಾರೆ. ಪುಸ್ತಕದ ಕಪಾಟಿಗೂ ಸಿಗುತ್ತಾರೆ. ಕಪಾಟಿನೊಳಗಿನ ಪುಸ್ತಕಕ್ಕೆ ಸಿಗುವುದಿಲ್ಲ. ಅದು ಹಳೆ ಪೇಪರಿನವರ ತಕ್ಕಡಿಗೆ ಹೋಗುತ್ತದೆ. ತಕ್ಕಡಿಯಿಂದ ಗುಜರಿಗೆ. ಅಲ್ಲಿ ನೋಡುವ ಕಣ್ಣು ಇರುವವರಿದ್ದರೆ ಹಳೆ ಪುಸ್ತಕದ ಅಂಗಡಿಗೆ, ಇಲ್ಲದಿದ್ದರೆ ಕಾಗದದ ಕಾರ್ಖಾನೆಗೆ.

ಈ ದಾರಿಯ ಮಧ್ಯೆ ನಿಂತು ಕೈಗೆ ಸಿಕ್ಕಿದ್ದನ್ನು ಎತ್ತಿಕೊಳ್ಳುವುದು ನನಗೆ ಕಾಲೇಜಿನ ದಿನಗಳಿಂದ ಬಂದ ಅಭ್ಯಾಸ. ಮೊದಲು ಪುಸ್ತಕ ಮಾತ್ರ ತರುತ್ತಿದ್ದೆ. ಆಮೇಲೆ ವಿಡಿಯೋ ಕ್ಯಾಸೆಟ್ಟೂ ಸೇರಿಕೊಂಡವು. ಕೊಂಡಿದ್ದರಲ್ಲಿ ಚಿನ್ನದಂಥವು ಇವೆ, ಕಸಕ್ಕೆ ಹೋದವೂ ಇವೆ. ಇಷ್ಟು ವರ್ಷದಲ್ಲಿ ನನಗೆ ಗಟ್ಟಿಯಾಗಿರುವ ಮಾತು ಒಂದೇ. ಹೆಸರುವಾಸಿ ಪುಸ್ತಕ, ಹೆಸರುವಾಸಿ ಸಿನಿಮಾ ಹುಡುಕಿಕೊಂಡು ಹೋದರೆ ನಷ್ಟವೇ ಜಾಸ್ತಿ. ಅಂಥವು ಎಂದಾದರೂ ಮರುಮುದ್ರಣ ಆಗುತ್ತವೆ, ಎಲ್ಲಾದರೂ ನೋಡಲು ಸಿಗುತ್ತವೆ. ಇನ್ನೊಂದು ಸಲ ಯಾರೂ ಅಚ್ಚು ಹಾಕದ, ಇನ್ನೊಂದು ಸಲ ಯಾರೂ ಕ್ಯಾಮೆರಾ ಹಿಡಿಯಲಾಗದ ವಸ್ತುವಿಗಾಗಿ ಹಳೆ ಅಂಗಡಿಗೆ ಹೋಗಬೇಕು.

ಹಿಂದೆ ಈ ಹುಡುಕಾಟಕ್ಕೆ ಒಂದು ಖಾಯಂ ಜಾಗ ಇತ್ತು, ಲ್ಯಾನ್ಸ್‌ಡೌನ್ ಕಟ್ಟಡ. ವೈಸ್‌ರಾಯ್ ಲ್ಯಾನ್ಸ್‌ಡೌನ್ ಮೈಸೂರಿಗೆ ಬಂದ ನೆನಪಿಗೆ 1892ರಲ್ಲಿ ಕಟ್ಟಿದ್ದು. ಅಲ್ಲಿನ ಸಾಲು ಅಂಗಡಿಗಳಲ್ಲಿ ಹಳೆ ಪುಸ್ತಕದವರೂ ಇದ್ದರು. ಕಾಲೇಜು ಶುರುವಾಗುವ ಹೊತ್ತಿಗೆ ಪಿಯುಸಿ, ಡಿಗ್ರಿ, ಇಂಜಿನಿಯರಿಂಗ್ ಹುಡುಗ ಹುಡುಗಿಯರು ಹೋದ ವರ್ಷದ ಪುಸ್ತಕ ಕೊಟ್ಟು ಈ ವರ್ಷದ್ದು ಕೊಳ್ಳಲು ಮುತ್ತಿಕೊಳ್ಳುತ್ತಿದ್ದರು. ಅಂಗಡಿ ನಡೆಯುತ್ತಿದ್ದದ್ದು ಆ ವ್ಯಾಪಾರದಿಂದಲೇ. ಅದರ ಹಿಂದೆ, ಗೋಡೆಗೆ ಒರಗಿಸಿದ ರಾಶಿಯಲ್ಲಿ ಕನ್ನಡ ಪುಸ್ತಕಗಳು ಕೂತಿರುತ್ತಿದ್ದವು. ಅವನ್ನು ಕೇಳುವವರು ಕಡಿಮೆ. ಹಾಗಾಗಿ ಕೂತು ನೋಡಲು ಬಿಡುತ್ತಿದ್ದರು. 2012ರ ಆಗಸ್ಟ್‌ನಲ್ಲಿ ಕಟ್ಟಡದ ಒಂದು ಭಾಗ ಕುಸಿಯಿತು. ನಾಲ್ಕು ಜನ ಸತ್ತರು. ಅಂಗಡಿಗಳನ್ನೆಲ್ಲ ಖಾಲಿ ಮಾಡಿಸಿದರು. ಹೋದ ಜೀವಗಳ ಮುಂದೆ ಪುಸ್ತಕದ ಮಾತು ಸಣ್ಣದು. ಆದರೆ ಒಂದೇ ಸೂರಿನಡಿ ಇದ್ದ ಆ ವ್ಯಾಪಾರ ಅಂದಿನಿಂದ ಚದುರಿಹೋಯಿತು ಅನ್ನುವುದೂ ನಿಜ. ಹಳೆ ಪುಸ್ತಕದವರು ಒಬ್ಬೊಬ್ಬರು ಒಂದೊಂದು ಕಡೆ ಹೋದರು. ಕೆಲವರು ಬಾಗಿಲೇ ಹಾಕಿದರು.

ಈಗ ನಾನು ಹೆಚ್ಚಾಗಿ ಹೋಗುವುದು ಒಂದು ಗಲ್ಲಿಯೊಳಗಿನ ಸಣ್ಣ ಅಂಗಡಿಗೆ. ಅಲ್ಲಿನ ಯಜಮಾನರು ವಯಸ್ಸಾದವರು. ಓದುವುದು ಉರ್ದು, ಮಾತಾಡುವುದು ಅಚ್ಚ ಮೈಸೂರು ಕನ್ನಡ. ಯಾವ ಪುಸ್ತಕ ಯಾವ ಮನೆಯಿಂದ ಬಂತು ಎಂದು ಅವರಿಗೆ ನೆನಪಿರುತ್ತದೆ. "ಮೇಡಂ, ಇದು ಲಾಯರ್ ಮನೇದು, ಸುಮ್ನೆ ನೋಡಿ, ತಗೊಳ್ಲೇಬೇಕು ಅಂತೇನಿಲ್ಲ" ಅನ್ನುತ್ತಾರೆ. ಒಂದೇ ಮನೆಯಿಂದ ಬಂದ ಪುಸ್ತಕಗಳನ್ನು ಅವರು ಕೂಡಲೇ ಬಿಡಿಸಿಡುವುದಿಲ್ಲ. ಒಂದು ವಾರ ಒಟ್ಟಿಗೇ ಇಡುತ್ತಾರೆ. ಇದು ದೊಡ್ಡ ಉಪಕಾರ. ಒಬ್ಬ ಓದುಗರ ಆಸಕ್ತಿ ಏನಿತ್ತು ಎಂದು ಆ ರಾಶಿ ನೋಡಿದರೆ ತಿಳಿಯುತ್ತದೆ. ಮೊದಲ ಭಾಗ ಸಿಕ್ಕರೆ ಎರಡನೆಯದೂ ಅದರಲ್ಲೇ ಎಲ್ಲೋ ಇರುತ್ತದೆ.

ಪುಸ್ತಕ ಕೈಗೆ ಬಂದ ಕೂಡಲೇ ನಾನು ನೋಡುವುದು ಮುದ್ರಣದ ವಿವರ ಇರುವ ಪುಟ. ಕನ್ನಡ ಪ್ರಕಾಶಕರ ಆ ಪುಟದ ಮೇಲೆ ನನಗೆ ತುಂಬ ಪ್ರೀತಿ. ಎಷ್ಟನೇ ಮುದ್ರಣ, ಎಷ್ಟು ಪ್ರತಿ, ಎಷ್ಟು ಪುಟ, ಯಾವ ಕಾಗದ, ಯಾವ ಮುದ್ರಣಾಲಯ, ಎಲ್ಲವನ್ನೂ ಬರೆದಿರುತ್ತಾರೆ. "ಪ್ರತಿಗಳು: 1000" ಎಂದಿದ್ದು, ಆಮೇಲೆ ಮರುಮುದ್ರಣ ಕಂಡಿಲ್ಲ ಎಂದರೆ, ಕೈಯಲ್ಲಿರುವುದು ಆ ಸಾವಿರದಲ್ಲಿ ಉಳಿದ ಒಂದು. ಎಷ್ಟು ಗೆದ್ದಲಿಗೆ ಹೋಗಿವೆಯೋ, ಎಷ್ಟು ತಕ್ಕಡಿಗೆ ಹೋಗಿವೆಯೋ.

ಈ ಪುಟವೇ ಕಿತ್ತುಹೋಗಿರುವ ಪುಸ್ತಕಗಳೂ ಬೇಕಾದಷ್ಟು ಬರುತ್ತವೆ. ಆಗಲೂ ಕಾಲ ತಿಳಿಯಲು ದಾರಿಗಳಿವೆ. ಬೆಲೆ ಆಣೆಯಲ್ಲಿದ್ದರೆ ಪುಸ್ತಕ 1957ಕ್ಕಿಂತ ಹಿಂದಿನದು, ಅಥವಾ ಅದರ ಆಸುಪಾಸಿನದು. ಆ ವರ್ಷದ ಏಪ್ರಿಲ್‌ನಲ್ಲಿ ನಯಾಪೈಸೆ ಬಂತು. ಪ್ರಕಾಶಕರ ವಿಳಾಸದಲ್ಲಿ ಆರು ಅಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ ಆದಮೇಲಿನದು. ಪಿನ್‌ಕೋಡ್ ಶುರುವಾಗಿದ್ದೇ ಆಗ. "ಮೈಸೂರು ರಾಜ್ಯ" ಎಂದಿದ್ದರೆ 1973ರ ನವೆಂಬರ್‌ಗೆ ಮುಂಚಿನದು, ಏಕೆಂದರೆ ಆ ತಿಂಗಳ ಮೊದಲ ತಾರೀಕು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂತು. ಇನ್ನು ಹಾಳೆಯ ಹಿಂಬದಿ ಬೆರಳಾಡಿಸಿ ನೋಡಿ. ಅಕ್ಷರ ಒತ್ತಿದ ಉಬ್ಬು ತಗುಲಿದರೆ ಅದು ಲೋಹದ ಅಕ್ಷರಗಳ ಮೊಳೆ ಜೋಡಿಸಿ ಅಚ್ಚು ಹಾಕಿದ್ದು. ನುಣ್ಣಗಿದ್ದರೆ ಆಫ್‌ಸೆಟ್. ಕಣ್ಣಿಗಿಂತ ಬೆರಳಿಗೆ ಇದು ಬೇಗ ಗೊತ್ತಾಗುತ್ತದೆ.

ಆದರೆ ಹಳೆಯದೆಲ್ಲ ಒಳ್ಳೆಯದು ಎಂದೇನೂ ಇಲ್ಲ. ಕಾಗದದ ಕೊರತೆ ಇದ್ದಾಗ ಅಗ್ಗದ ನ್ಯೂಸ್‌ಪ್ರಿಂಟ್‌ನಲ್ಲಿ ಅಚ್ಚಾದ ಕಾದಂಬರಿಗಳು ಈಗ ಮುಟ್ಟಿದರೆ ಮುರಿಯುತ್ತವೆ. ಅಂಥ ಕಾಗದದಲ್ಲಿರುವ ಮರದ ಅಂಶ ಬೆಳಕು, ಗಾಳಿ ತಗುಲಿ ಹುಳಿಯಾಗುತ್ತ ಹೋಗುತ್ತದೆ. ಕಂದು ಬಣ್ಣಕ್ಕೆ ತಿರುಗಿದ ಹಾಳೆಯ ಮೂಲೆಯನ್ನು ಒಮ್ಮೆ ಮೆಲ್ಲಗೆ ಮಡಿಸಿ ನೋಡಿ. ಮಡಿಕೆಯಲ್ಲೇ ತುಂಡಾದರೆ ಆ ಪುಸ್ತಕ ಓದಲು ಬರುವುದಿಲ್ಲ. ಯಾರಾದರೂ ಸ್ಕ್ಯಾನ್ ಮಾಡಿ ಉಳಿಸುವ ಯೋಚನೆ ಇದ್ದರೆ ಮಾತ್ರ ತರಬಹುದು.

ಕೈಕೊಟ್ಟ ಪುಸ್ತಕಗಳಲ್ಲಿ ಹೆಚ್ಚಿನವು ಫಾರಂ ತಪ್ಪಿದವು. ಡೆಮ್ಮಿ 1/8 ಆಕಾರದ ಪುಸ್ತಕವೆಂದರೆ ದೊಡ್ಡ ಹಾಳೆಯನ್ನು ಮಡಿಸಿದಾಗ ಒಂದು ಫಾರಂಗೆ 16 ಪುಟ. ಇಂಥ ಫಾರಂಗಳನ್ನು ಒಂದರ ಮೇಲೊಂದು ಜೋಡಿಸಿ ಹೊಲಿಯುತ್ತಾರೆ. ಬೈಂಡಿಂಗ್ ಮಾಡುವಲ್ಲಿ ಒಂದು ಫಾರಂ ಎರಡು ಸಲ ಸೇರಿ ಮುಂದಿನದು ಬಿಟ್ಟುಹೋಗುವುದುಂಟು. ನಾನು ಬಹಳ ಆಸೆಯಿಂದ ತಂದ ಒಂದು ಪ್ರವಾಸ ಕಥನದಲ್ಲಿ 65ರಿಂದ 80ನೇ ಪುಟದವರೆಗೆ ಎರಡು ಸಲ ಇತ್ತು. 81ರಿಂದ 96 ಇರಲೇ ಇಲ್ಲ. ಬರೆದವರು ಹಡಗು ಹತ್ತುವ ಹೊತ್ತಿಗೆ ಮತ್ತೆ ರೈಲು ನಿಲ್ದಾಣಕ್ಕೆ ಬಂದುಬಿಡುತ್ತಾರೆ. ಹೊರಗಿನಿಂದ ನೋಡಿದರೆ ಪುಸ್ತಕ ದಪ್ಪವಾಗಿ ಅಚ್ಚುಕಟ್ಟಾಗಿಯೇ ಇತ್ತು. ಹಾಗಾಗಿ 1, 17, 33, 49, 65, 81 ಎಂದು ಫಾರಂ ಶುರುವಾಗುವ ಪುಟಗಳನ್ನು ತಿರುವಿ ನೋಡುವುದು ಒಳ್ಳೆಯದು. ಎಷ್ಟೋ ಹಳೆ ಪುಸ್ತಕಗಳಲ್ಲಿ ಆ ಪುಟಗಳ ಅಡಿಯಲ್ಲಿ ಫಾರಂ ಸಂಖ್ಯೆ ಸಣ್ಣದಾಗಿ ಅಚ್ಚಾಗಿರುತ್ತದೆ. ಒಂದು ನಿಮಿಷದ ಕೆಲಸ.

ಬಿಡಿ ಸಂಪುಟಗಳದು ಬೇರೆಯೇ ಸಂಕಟ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶವನ್ನೇ ನೋಡಿ. ಒಟ್ಟು 14 ಸಂಪುಟ. ಮೊದಲನೆಯದು ಬಂದದ್ದು 1969ರಲ್ಲಿ, ಉಳಿದವು ನಿಧಾನವಾಗಿ, ವರ್ಷಗಳ ಅಂತರದಲ್ಲಿ ಬಂದವು. ಮೊದಲ ಸಂಪುಟ ಕೊಂಡ ಮನೆಯವರೆಲ್ಲ ಕೊನೆಯದನ್ನೂ ಕೊಂಡಿರಲು ಸಾಧ್ಯವಿಲ್ಲ. ನಡುವೆ ಮಕ್ಕಳು ಬೆಳೆದರು, ಹಿರಿಯರು ಹೋದರು. ಅದಕ್ಕೇ ಹಳೆ ಅಂಗಡಿಗಳಲ್ಲಿ ಮೊದಲ ಸಂಪುಟಗಳು ಸಿಕ್ಕಷ್ಟು ಸುಲಭವಾಗಿ ಕೊನೆಯವು ಸಿಗುವುದಿಲ್ಲ. ಪೂರ್ತಿ ಜೋಡಿಸುತ್ತೇನೆ ಎಂದು ಹೊರಟರೆ ತಾಳ್ಮೆಯೂ ಜಾಗವೂ ಬೇಕು. ನಾನು ಆ ಹಟ ಬಿಟ್ಟಿದ್ದೇನೆ. ಯಾವ ಸಂಪುಟ ಸಿಕ್ಕರೂ ಅದು ತನ್ನಷ್ಟಕ್ಕೆ ಓದಿಸಿಕೊಳ್ಳುತ್ತದೆ.

ಪಠ್ಯಪುಸ್ತಕ, ಗೈಡುಗಳ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಸಿಲಬಸ್ ಬದಲಾದರೆ ಅವು ರದ್ದಿ. ಫುಟ್‌ಪಾತಿನಲ್ಲಿ ಪ್ಲಾಸ್ಟಿಕ್ ಸುತ್ತಿ ಮಾರುವ ಇಂಗ್ಲಿಷ್ ಕಾದಂಬರಿಗಳಲ್ಲಿ ಬಹಳಷ್ಟು ಹಳೆಯವೇ ಅಲ್ಲ, ಕಳ್ಳ ಅಚ್ಚು. ಅಕ್ಷರ ಮಸುಕು, ಅಂಟು ಕಚ್ಚಿರುವುದಿಲ್ಲ, ಬರೆದವರಿಗೆ ಕಾಸು ಸೇರುವುದಿಲ್ಲ. ನಾನು ಅವನ್ನು ಮುಟ್ಟುವುದಿಲ್ಲ.

ಇನ್ನು ಖುಷಿ ಕೊಟ್ಟವು.

ಒಂದು ಕಾಲದಲ್ಲಿ ಕನ್ನಡದ ಮನೆಗಳಲ್ಲಿ ವಾರಪತ್ರಿಕೆಯ ಧಾರಾವಾಹಿಗಳನ್ನು ಪ್ರತಿ ವಾರ ಕತ್ತರಿಸಿ, ಜೋಡಿಸಿ, ಕೊನೆಗೆ ಬೈಂಡ್ ಮಾಡಿಸಿ ಇಡುತ್ತಿದ್ದರು. ಹೆಚ್ಚಾಗಿ ಈ ಕೆಲಸ ಮಾಡುತ್ತಿದ್ದವರು ಹೆಂಗಸರು. ನಮ್ಮ ಅತ್ತೆಯೂ ಮಾಡುತ್ತಿದ್ದರು. ಅಂಥ ಬೈಂಡು ಕಂಡರೆ ನಾನು ಬೆಲೆ ಚೌಕಾಸಿ ಮಾಡುವುದಿಲ್ಲ. ಆ ಕಾದಂಬರಿ ಆಮೇಲೆ ಪುಸ್ತಕವಾಗಿ ಬಂದಿರಬಹುದು. ಆದರೆ ಅದರ ಜೊತೆಗಿದ್ದ ಚಿತ್ರಗಳು ಪುಸ್ತಕದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಪ್ರತಿ ವಾರ ಕಲಾವಿದರು ಬರೆದ ನಾಯಕಿಯ ಸೀರೆ, ಜಡೆ, ವಠಾರದ ನಲ್ಲಿ, ಬಸ್ ಸ್ಟ್ಯಾಂಡು ಇಲ್ಲೇ ಉಳಿದಿರುವುದು. ಕತ್ತರಿಸಿದ ಪುಟದ ಹಿಂಬದಿಯಲ್ಲಿ ಅರ್ಧ ಜಾಹೀರಾತು ಇರುತ್ತದೆ. ಒಂದು ಬೈಂಡಿನಲ್ಲಿ ಒಂದು ವಾರದ ಕಂತು ತಪ್ಪಿತ್ತು. ಆ ಜಾಗದಲ್ಲಿ ನೋಟ್‌ಬುಕ್ಕಿನ ಹಾಳೆ ಹೊಲಿಸಿ, ಆ ವಾರದ ಕಥೆಯನ್ನು ಮುದ್ದಾದ ಅಕ್ಷರದಲ್ಲಿ ಬರೆದಿಟ್ಟಿದ್ದರು. ಪಕ್ಕದ ಮನೆಯಿಂದ ಪತ್ರಿಕೆ ತಂದು ನಕಲು ಮಾಡಿರಬೇಕು. ಯಾರ ಕೈಬರಹವೋ, ಹೆಸರಿಲ್ಲ.

ಸೋವಿಯತ್ ಪುಸ್ತಕಗಳು ಇನ್ನೊಂದು ಸಂತೋಷ. ಮಾಸ್ಕೋದ ಪ್ರಗತಿ, ರಾದುಗ, ಮೀರ್ ಪ್ರಕಾಶನಗಳ ಪುಸ್ತಕಗಳು ನಮ್ಮೂರಿಗೂ ಬರುತ್ತಿದ್ದವು. ಕನ್ನಡದ ಅನುವಾದಗಳೂ ಇದ್ದವು. ನವಕರ್ನಾಟಕ ಪ್ರಕಾಶನದವರು ಮಾರುತ್ತಿದ್ದರು. ಬೆಲೆ ಕಡಿಮೆ, ದಾರದ ಹೊಲಿಗೆ, ಒಳ್ಳೆ ಕಾಗದ, ಬಣ್ಣದ ಚಿತ್ರ. 1991ರಲ್ಲಿ ಸೋವಿಯತ್ ಒಕ್ಕೂಟವೇ ಮುರಿದುಬಿತ್ತು. ಹೊಸದಾಗಿ ಬರುವುದು ನಿಂತಿತು. ಮಕ್ಕಳು ಗೀಚಿ, ಎಳೆದಾಡಿ, ಅನ್ನದ ಕೈಯಲ್ಲಿ ಮುಟ್ಟಿದ ಪ್ರತಿಗಳು ಈಗಲೂ ಗಟ್ಟಿಯಾಗಿ ಬರುತ್ತವೆ. ಅಂಗಡಿಗಳಲ್ಲಿ ಈಗ ಇವುಗಳ ಬೆಲೆ ಏರಿದೆ. ಆದರೂ ಕೊಡಬಹುದು.

ನನ್ನ ಬಳಿ ಇರುವುದರಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ಅಂಗಡಿಯವರ ಲೆಕ್ಕದಲ್ಲಿ ಹಾಳಾದ ಪುಸ್ತಕ. ಭಾಮಿನಿ ಷಟ್ಪದಿಯ ಒಂದು ಕಾವ್ಯ. ರಟ್ಟು ಇಲ್ಲ, ಮೊದಲ ಎಲೆಗಳಿಲ್ಲ, ಪ್ರತಿ ಪುಟದಲ್ಲೂ ಪೆನ್ಸಿಲ್ಲಿನ ಬರಹ. "ಬರೆದ್ಬಿಟ್ಟಿದ್ದಾರೆ ಮೇಡಂ, ಹೋಗ್ಲಿ, ಮೂವತ್ತು ಕೊಡಿ" ಎಂದರು. ಮನೆಗೆ ತಂದು ಕೂತು ನೋಡಿದೆ. ಅದು ಒಬ್ಬ ಗಮಕಿಯ, ಅಂದರೆ ಕಾವ್ಯವನ್ನು ರಾಗದಲ್ಲಿ ಹಾಡಿ ಓದುವವರ, ಪುಸ್ತಕ. ಪದ್ಯದ ಪಕ್ಕದಲ್ಲಿ ರಾಗದ ಹೆಸರು. ಇದಕ್ಕೆ ಮೋಹನ, ಇದಕ್ಕೆ ಕಾಂಬೋಧಿ, ಅಳುವ ಕಡೆ ನಾದನಾಮಕ್ರಿಯೆ. ಎಲ್ಲಿ ಪದ ಬಿಡಿಸಬೇಕು, ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂದು ಸಣ್ಣ ಗೀಟುಗಳು. ಕೆಲವು ಕಡೆ ರಾಗ ಹೊಡೆದುಹಾಕಿ ಬೇರೆ ಬರೆದಿದ್ದಾರೆ. ಮೊದಲು ಸಾವೇರಿ ಅಂದುಕೊಂಡವರು ಆಮೇಲೆ ಆನಂದಭೈರವಿಗೆ ಬಂದಿದ್ದಾರೆ. ಆ ಪದ್ಯವನ್ನು ಎರಡು ರೀತಿಯಲ್ಲೂ ಗುನುಗಿ ನೋಡಿದೆ. ಅವರು ಯಾಕೆ ಬದಲಾಯಿಸಿದರು ಎಂದು ಕಿವಿಗೇ ತಿಳಿಯಿತು. ಕೆಲವು ಪುಟಗಳಲ್ಲಿ ಊರಿನ ಹೆಸರುಗಳೂ ಇವೆ. ಮಂಡ್ಯ, ಮದ್ದೂರು, ಮೇಲುಕೋಟೆ. ಅಲ್ಲಿ ಆ ಭಾಗ ವಾಚನ ಮಾಡಿದ್ದರೆಂದು ಕಾಣುತ್ತದೆ. ಆ ಕಾವ್ಯದ ಹೊಸ ಪ್ರತಿ ಇವತ್ತೂ ಅಂಗಡಿಯಲ್ಲಿ ಸಿಗುತ್ತದೆ. ಈ ಪೆನ್ಸಿಲ್ ಗುರುತು ಸಿಗುವುದಿಲ್ಲ. ಒಬ್ಬರು ಬಹುಶಃ ಇಡೀ ಜೀವನ ಹಾಡಿ ಕಂಡುಕೊಂಡದ್ದು ಮೂವತ್ತು ರೂಪಾಯಿಗೆ ಬಂದದ್ದು ನನ್ನನ್ನು ಇವತ್ತಿಗೂ ಕಾಡುತ್ತದೆ. ಅದರ ಎಲ್ಲ ಪುಟಗಳ ಫೋಟೋ ತೆಗೆದು ಗಮಕ ಕಲಿಸುವ ಪರಿಚಯದವರೊಬ್ಬರಿಗೆ ಕೊಟ್ಟಿದ್ದೇನೆ. ಅವರ ವಿದ್ಯಾರ್ಥಿಗಳು ಅದನ್ನು ನೋಡಿ ಹಾಡುತ್ತಿದ್ದಾರೆ.

ಪುಸ್ತಕ ಮನೆಗೆ ತಂದ ಮೇಲೆ ನೇರವಾಗಿ ಕಪಾಟಿಗೆ ಸೇರಿಸಬಾರದು. ಬೆಳ್ಳಿಹುಳ, ಗೆದ್ದಲು, ಬೂಷ್ಟು ಜೊತೆಯಲ್ಲೇ ಬರುತ್ತವೆ. ನಾನು ಒಂದೆರಡು ವಾರ ಬೇರೆ ಕಡೆ ಇಡುತ್ತೇನೆ, ನೆರಳಿನಲ್ಲಿ, ಫ್ಯಾನಿನ ಗಾಳಿಗೆ. ಉರಿಬಿಸಿಲಿಗೆ ಇಟ್ಟರೆ ರಟ್ಟು ಸೊಟ್ಟಗಾಗುತ್ತದೆ. ಹುಳದ ಅನುಮಾನ ಇದ್ದರೆ ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕೆಲವು ದಿನ ಫ್ರೀಜರಿನಲ್ಲಿಡಬಹುದು. ಹರಿದದ್ದಕ್ಕೆ ಸೆಲ್ಲೋಟೇಪ್ ಹಚ್ಚಬೇಡಿ. ಕೆಲವು ವರ್ಷದಲ್ಲಿ ಅದು ಕಂದಾಗಿ ಅಂಟು ಅಕ್ಷರಕ್ಕಿಳಿಯುತ್ತದೆ. ನಮ್ಮ ಹಳೆ ಬೈಂಡರ್‌ಗಳು ಮೈದಾ ಅಂಟಿಗೆ ಚೂರು ಮೈಲುತುತ್ತ ಹಾಕುತ್ತಿದ್ದರು, ಹುಳ ಬಾರದಿರಲಿ ಎಂದು. ಹಾಗೆ ಕಟ್ಟಿದ ಪುಸ್ತಕಗಳು ಇವತ್ತೂ ಚೆನ್ನಾಗಿವೆ.

ಈಗ ಕ್ಯಾಸೆಟ್ಟುಗಳ ಕಡೆ ಬರೋಣ. ಪುಸ್ತಕದ ಹಾಗೆ ಇವುಗಳನ್ನು ಅಂಗಡಿಯಲ್ಲಿ ನಿಂತು ಪರೀಕ್ಷೆ ಮಾಡಲು ಆಗುವುದಿಲ್ಲ. ಮೇಲಿನ ಚೀಟಿಯಲ್ಲಿ ಬರೆದದ್ದೇ ಒಳಗಿದೆಯೋ, ಒಳಗೆ ಏನಾದರೂ ಉಳಿದಿದೆಯೋ, ಮನೆಗೆ ತಂದು ಓಡಿಸುವವರೆಗೂ ಗೊತ್ತಾಗುವುದಿಲ್ಲ. ಕಷ್ಟವೂ ಇದರಲ್ಲೇ ಇದೆ, ಸೆಳೆತವೂ ಇದರಲ್ಲೇ ಇದೆ.

ಜಪಾನಿನ ಜೆವಿಸಿ ಕಂಪನಿ ವಿಎಚ್‌ಎಸ್ ಎಂಬ ಈ ವಿಡಿಯೋ ಕ್ಯಾಸೆಟ್ಟನ್ನು ತಂದದ್ದು 1976ರಲ್ಲಿ. ನಮ್ಮಲ್ಲಿ ಅದರ ಗಾಳಿ ಬೀಸಿದ್ದು 1982ರ ದೆಹಲಿ ಏಷ್ಯನ್ ಗೇಮ್ಸ್ ಹೊತ್ತಿಗೆ, ಬಣ್ಣದ ಟಿವಿ ಬಂದಾಗ. ಆಮೇಲೆ ಬೀದಿಗೊಂದು ವಿಡಿಯೋ ಲೈಬ್ರರಿ. ಶನಿವಾರ ಸಂಜೆ ಟಿವಿ, ಕ್ಯಾಸೆಟ್ ಓಡಿಸುವ ವಿಸಿಪಿ, ಮೂರು ಕ್ಯಾಸೆಟ್ಟು ಬಾಡಿಗೆಗೆ ತಂದರೆ ವಠಾರದವರೆಲ್ಲ ಬೆಳಗಿನವರೆಗೆ ಕೂತು ನೋಡುತ್ತಿದ್ದರು. ಬೆಳಿಗ್ಗೆ ಕೊನೆಯ ಕ್ಯಾಸೆಟ್ ಹಿಂದಕ್ಕೆ ಸುತ್ತಿ ಕೊಡಬೇಕು, ಇಲ್ಲದಿದ್ದರೆ ಲೈಬ್ರರಿಯವರು ಮುಖ ಗಂಟಿಕ್ಕುತ್ತಿದ್ದರು. ಆಮೇಲೆ ಕೇಬಲ್ ಬಂತು, ವಿಸಿಡಿ ಬಂತು. ಲೈಬ್ರರಿಗಳು ಮುಚ್ಚಿದವು. ಅವುಗಳ ಸರಕು ಗೋಣಿಚೀಲದಲ್ಲಿ ಗುಜರಿ ಸೇರಿತು.

ಆ ಸಿನಿಮಾ ಕ್ಯಾಸೆಟ್ಟುಗಳಲ್ಲಿ ಹೆಚ್ಚಿನವನ್ನು ಕೊಳ್ಳುವುದು ದಂಡ. ನೂರಾರು ಸಲ ಓಡಿ ಸವೆದಿರುತ್ತವೆ. ಚಿತ್ರದ ಮೇಲೆ ಜಾಹೀರಾತಿನ ಸಾಲು ಹರಿದಾಡುತ್ತಿರುತ್ತದೆ. ಹಾಡು ಕತ್ತರಿಸಿರುತ್ತಾರೆ. ಅದೇ ಸಿನಿಮಾ ಇದಕ್ಕಿಂತ ಚೆನ್ನಾಗಿ ಬೇರೆ ಕಡೆ ಸಿಗುತ್ತದೆ. ಅಪರೂಪಕ್ಕೆ ಎಲ್ಲೂ ಸಿಗದ ಹಳೆ ಕನ್ನಡ ಚಿತ್ರವೊಂದು ಕಣ್ಣಿಗೆ ಬಿದ್ದರೆ ಮಾತ್ರ ತರುತ್ತೇನೆ. ಅಮೆರಿಕದಿಂದ ನೆಂಟರು ಕಳಿಸಿದ ಕ್ಯಾಸೆಟ್ಟುಗಳದು ಇನ್ನೊಂದು ಪಾಡು. ಟಿವಿ ಚಿತ್ರದ ಕ್ರಮ ಅಲ್ಲಿನದು ಎನ್‌ಟಿಎಸ್‌ಸಿ, ನಮ್ಮದು ಪಾಲ್. ಕ್ಯಾಸೆಟ್ ಓಡಿಸುವ, ರೆಕಾರ್ಡ್ ಮಾಡುವ ನಮ್ಮ ಸಾಮಾನ್ಯ ವಿಸಿಆರ್‌ಗೆ ಹಾಕಿದರೆ ಬಣ್ಣ ಬರುವುದಿಲ್ಲ, ಚಿತ್ರ ಉರುಳುತ್ತದೆ. ಎರಡನ್ನೂ ಓಡಿಸುವ ಯಂತ್ರ ಬೇಕು.

ಕ್ಯಾಸೆಟ್ಟಿನ ದೊಡ್ಡ ಶತ್ರು ಬೂಷ್ಟು. ಮಳೆಗಾಲದಲ್ಲಿ ಅಟ್ಟದ ಮೇಲೆ ಕೂತವಕ್ಕೆ ತಪ್ಪಿದ್ದಲ್ಲ. ಕಿಟಕಿಯಂಥ ಪಾರದರ್ಶಕ ಭಾಗದಲ್ಲಿ ಬೆಳಕಿಗೆ ಹಿಡಿದು ನೋಡಿದರೆ ಸುರುಳಿಯ ಅಂಚಿನಲ್ಲಿ ಬಿಳಿ ಚುಕ್ಕೆ, ಬಿಳಿ ಎಳೆ ಕಾಣುತ್ತದೆ. ಪಕ್ಕದ ಸಣ್ಣ ಗುಂಡಿ ಒತ್ತಿದರೆ ಮುಂದಿನ ರೆಕ್ಕೆ ಮೇಲೇಳುತ್ತದೆ. ಆಗ ಟೇಪು ಸುಕ್ಕಾಗಿದೆಯೋ ಎಂದು ನೋಡಬಹುದು. ಬೂಷ್ಟು ಇದ್ದರೆ ಅದನ್ನು ಯಾವ ಕಾರಣಕ್ಕೂ ಯಂತ್ರಕ್ಕೆ ಹಾಕಬೇಡಿ. ಒಳಗಿನ ಡ್ರಮ್ಮು ನಿಮಿಷಕ್ಕೆ 1500 ಸುತ್ತು ತಿರುಗುತ್ತ ಟೇಪಿನ ಮೇಲೆ ಉಜ್ಜುತ್ತದೆ. ಬೂಷ್ಟು ಆ ಡ್ರಮ್ಮಿನಲ್ಲಿರುವ, ಟೇಪನ್ನು ಓದುವ ಹೆಡ್ಡಿಗೆ ಮೆತ್ತಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಹಾಕುವ ಕ್ಯಾಸೆಟ್ಟಿಗೂ ಹರಡುತ್ತದೆ. ಒದ್ದೆ ಸೌಟು ಹಾಕಿದ ಉಪ್ಪಿನಕಾಯಿ ಜಾಡಿಯ ಕಥೆಯೇ ಇದೂ. ಅಂಥ ಕ್ಯಾಸೆಟ್ಟನ್ನು ಮೊದಲು ಒಣಗಿಸಿ, ಬಿಚ್ಚಿ, ಕೈಯಿಂದ ಸುತ್ತುತ್ತ ಮೆತ್ತನೆ ಬಟ್ಟೆಯಲ್ಲಿ ಒರೆಸಬೇಕು. ಮುಖವಸ್ತ್ರ ಹಾಕಿಕೊಂಡೇ ಮಾಡಬೇಕು. ಐದು ಸ್ಕ್ರೂ ಬಿಚ್ಚಿದರೆ ಕ್ಯಾಸೆಟ್ ತೆರೆಯುತ್ತದೆ. ಹೊರ ಕವಚ ಒಡೆದಿದ್ದರೆ ಸುರುಳಿಯನ್ನು ಬೇರೆ ಒಳ್ಳೆ ಕವಚಕ್ಕೆ ವರ್ಗಾಯಿಸಬಹುದು. ಆ ಸವೆದ ಸಿನಿಮಾ ಕ್ಯಾಸೆಟ್ಟುಗಳಿಂದ ಆಗುವ ಉಪಯೋಗ ಇದೊಂದೇ.

ಒಂದು ಸಲ ಪೆಟ್ಟಿಗೆ ತುಂಬ ಕ್ಯಾಸೆಟ್ಟು ಒಟ್ಟಿಗೆ ತಂದೆ. ಅರ್ಧಕ್ಕಿಂತ ಹೆಚ್ಚು ಬೂಷ್ಟಿಗೆ ಹೋಗಿದ್ದವು. ಕೆಲವು ಖಾಲಿ. ಒಂದರ ಮೇಲೆ ಬಾಲ್‌ಪೆನ್ನಿನಲ್ಲಿ "ಗೃಹಪ್ರವೇಶ – 1" ಎಂದಿತ್ತು. ಹಾಕಿದರೆ ಅರ್ಧ ಗಂಟೆ ಗೃಹಪ್ರವೇಶವೇ. ಹೋಮದ ಹೊಗೆ, ಹಾಲುಕ್ಕಿಸುವುದು, ಎಲೆಯ ಮುಂದೆ ಕೂತವರು ಕ್ಯಾಮೆರಾ ಕಂಡು ಮುಖ ತಿರುಗಿಸುವುದು. ಆಮೇಲೆ ಸ್ವಲ್ಪ ಹೊತ್ತು ಪರದೆ ತುಂಬ ಮರಳು ಮರಳು. ನಿಲ್ಲಿಸೋಣ ಅನ್ನುವಷ್ಟರಲ್ಲಿ ಸಯ್ಯಾಜಿರಾವ್ ರಸ್ತೆ ಬಂತು. ಮೂಲೆಯಲ್ಲಿ 1994 ಎಂದು ವರ್ಷ. ಯಾರೋ ಮಾಳಿಗೆಯಿಂದ ಜಂಬೂಸವಾರಿ ತೆಗೆದಿದ್ದಾರೆ. ಎದುರಿಗೆ ದೇವರಾಜ ಮಾರುಕಟ್ಟೆ, ಅದರ ಮೇಲೆಲ್ಲ ಜನ. ಅಂಬಾರಿ ಹೊತ್ತವನು ದ್ರೋಣ. 750 ಕೆಜಿಯ ಅಂಬಾರಿಯನ್ನು ಆ ಆನೆ ವರ್ಷ ವರ್ಷವೂ ಹೊತ್ತಿತ್ತು. 1998ರಲ್ಲಿ ಕಾಡಿನಲ್ಲಿ ವಿದ್ಯುತ್ ತಗುಲಿ ಸತ್ತುಹೋಯಿತು. ಆಗ ಊರೆಲ್ಲ ಮರುಗಿದ್ದು ನನಗೆ ನೆನಪಿದೆ. ಆ ಟೇಪಿನಲ್ಲಿ ದ್ರೋಣ ನಿಧಾನವಾಗಿ ನಡೆದು ಬರುತ್ತಾನೆ. ಕ್ಯಾಮೆರಾದ ಹತ್ತಿರ ಒಬ್ಬ ಅಜ್ಜಿಯ ದನಿ, "ಕೈ ಮುಗೀರೋ, ಚಾಮುಂಡವ್ವ ಬಂದ್ಲು". ಒಂದು ಮಗು ಅಳುತ್ತದೆ. ಯಾರೋ ಕಡಲೆಪುರಿ ಕೇಳುತ್ತಾರೆ.

ಟಿವಿಯವರು ತೆಗೆದ ದಸರಾದಲ್ಲಿ ಈ ಅಜ್ಜಿ ಇರುವುದಿಲ್ಲ. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗವೂ ಕುಸಿಯಿತು. ಹಾಗಾಗಿ ಆ ಕೆಲವು ನಿಮಿಷ ನಮ್ಮೂರಿಗೆ ಸೇರಿದ್ದು ಎಂದು ನನಗೆ ಅನ್ನಿಸುತ್ತದೆ. ಗೃಹಪ್ರವೇಶದ ಅರ್ಧ ಗಂಟೆ ಮಾತ್ರ ಆ ಮನೆಯವರದೇ. ಅದನ್ನು ನಾನು ಯಾರಿಗೂ ತೋರಿಸಿಲ್ಲ. ಹಳೆ ಕ್ಯಾಸೆಟ್ ಕೊಳ್ಳುವವರು ಇದೊಂದು ಮರ್ಯಾದೆ ಉಳಿಸಿಕೊಳ್ಳಬೇಕು. ದುಡ್ಡು ಕೊಟ್ಟು ಕೊಂಡದ್ದು ಪ್ಲಾಸ್ಟಿಕ್ ಡಬ್ಬಿಯನ್ನು ಮಾತ್ರ. ಒಳಗಿನ ಜನ ನಮಗೆ ಒಪ್ಪಿಗೆ ಕೊಟ್ಟು ಬಂದವರಲ್ಲ. ಬೇರೆಯವರ ಮದುವೆ, ನಾಮಕರಣಗಳನ್ನು ಯೂಟ್ಯೂಬಿಗೆ ಹಾಕಿ ನಗುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಆಗುವುದಾದರೆ ಆ ಮನೆಯವರಿಗೆ ವಾಪಸ್ ಕೊಡಬೇಕು. ಮದುವೆ ಕ್ಯಾಸೆಟ್ಟುಗಳಲ್ಲಿ ಇದು ಎಷ್ಟೋ ಸಲ ಸಾಧ್ಯ. ಆ ಕಾಲದ ವಿಡಿಯೋದವರು ಶುರುವಿಗೆ ಲಗ್ನಪತ್ರಿಕೆಯನ್ನು ತೋರಿಸುತ್ತಿದ್ದರು. ಹೆಸರು, ಊರು, ಛತ್ರ ಎಲ್ಲ ಅದರಲ್ಲೇ ಸಿಗುತ್ತದೆ. ಮಂಡ್ಯದ ಒಂದು ಛತ್ರದಲ್ಲಿ ನಡೆದ ಮದುವೆಯ ಟೇಪು ಹೀಗೆ ಬಂದಿತ್ತು. ಹುಡುಗಿಯ ಕಡೆಯ ಊರು ಮಂಡ್ಯದ ಹತ್ತಿರದ್ದೇ. ನಮ್ಮ ಚಿಕ್ಕಪ್ಪನಿಗೆ ಆ ಕಡೆ ಪರಿಚಯ ಇತ್ತು. ಒಬ್ಬರಿಂದ ಒಬ್ಬರಿಗೆ ಕೇಳಿ ಕೊನೆಗೆ ಹುಡುಗಿಯ ತಮ್ಮನ ಫೋನ್ ಬಂತು. ಅವರ ಮನೆಯ ಪ್ರತಿ ಯಾವಾಗಲೋ ಹಾಳಾಗಿತ್ತಂತೆ. "ಅಕ್ಕಾ, ಅದ್ರಲ್ಲಿ ನಮ್ಮಪ್ಪ ಮಾತಾಡೋದು ಇದ್ಯಾ?" ಎಂದು ಕೇಳಿದರು.

ನಾನು ಮತ್ತೆ ಪೂರ್ತಿ ಹಾಕಿ ಕೇಳಿದೆ. ಮದುವೆ ವಿಡಿಯೋಗಳಲ್ಲಿ ಆಗ ಒಂದು ಪದ್ಧತಿ ಇತ್ತು. ನಿಜವಾದ ಸದ್ದು ತೆಗೆದು ಮೊದಲಿಂದ ಕೊನೆವರೆಗೆ ಸಿನಿಮಾ ಹಾಡು ಹಾಕುವುದು. ಇದರಲ್ಲೂ ಹಾಗೇ ಮಾಡಿದ್ದರು. ಅಪ್ಪ ನಗುತ್ತಾರೆ, ಬೀಗರನ್ನು ಕರೆಯುತ್ತಾರೆ, ಅಡುಗೆಯವರಿಗೆ ಏನೋ ಹೇಳುತ್ತಾರೆ. ಎಲ್ಲದರ ಮೇಲೆ ಹಾಡು. ಧಾರೆಯ ಹೊತ್ತಿಗೆ ಮಾತ್ರ ಓಲಗ, ಮಂತ್ರ ಇರಲಿ ಎಂದು ಮೂಲ ಸದ್ದು ಬಿಟ್ಟಿದ್ದಾರೆ. ಅಲ್ಲಿ ಪುರೋಹಿತರು ಹೇಳಿದ್ದನ್ನು ಅಪ್ಪ ತಡವರಿಸುತ್ತ ಹೇಳುತ್ತಾರೆ. ಆಮೇಲೆ, "ಹೆಣ್ ಕೊಟ್ಟಿದೀವಿ, ಚೆನ್ನಾಗ್ ನೋಡ್ಕಳಪ್ಪ" ಎಂದು ಅಳಿಯನಿಗೆ ಹೇಳುವುದು ಓಲಗದ ನಡುವೆ ಕೇಳಿಸುತ್ತದೆ. ಅಷ್ಟೇ ಇರುವುದು. ಕಂಪ್ಯೂಟರಿಗೆ ಇಳಿಸಿ ಆ ಭಾಗವನ್ನು ಬೇರೆಯಾಗಿಯೂ ಕಳಿಸಿದೆ. ಕ್ಯಾಸೆಟ್ಟನ್ನು ಅವರೇ ಮೈಸೂರಿಗೆ ಬಂದು ತೆಗೆದುಕೊಂಡು ಹೋದರು. ದುಡ್ಡು ಕೊಡಲು ಬಂದರು, ನಾನು ಮುಟ್ಟಲಿಲ್ಲ. ಬರುವಾಗ ಒಂದು ಡಬ್ಬಿ ಬೆಲ್ಲ ತಂದಿದ್ದರು, ಅದನ್ನು ಇಟ್ಟುಕೊಂಡೆ.

ಪುಸ್ತಕ ಕಾಯುತ್ತದೆ. ಒಳ್ಳೆ ಕಾಗದವಾದರೆ ನೂರು ವರ್ಷ ಕಪಾಟಿನಲ್ಲಿ ಕೂತಿದ್ದು ಆಮೇಲೂ ಓದಿಸಿಕೊಳ್ಳುತ್ತದೆ. ಅದಕ್ಕೆ ಯಂತ್ರ ಬೇಡ. ಟೇಪಿಗೆ ಆ ಆಯಸ್ಸಿಲ್ಲ. ಪ್ಲಾಸ್ಟಿಕ್ ಪಟ್ಟಿಗೆ ಕಾಂತದ ಪುಡಿ ಹಿಡಿಸಿದ ಅಂಟು ತೇವ ಹೀರಿ ಸಡಿಲವಾಗುತ್ತ ಬರುತ್ತದೆ. ಓಡಿಸುವ ಯಂತ್ರವೂ ಮುಗಿಯುತ್ತಿದೆ. ಕೊನೆಗೆ ಉಳಿದಿದ್ದ ತಯಾರಕರಾದ ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲಿ ವಿಸಿಆರ್ ಮಾಡುವುದನ್ನು ನಿಲ್ಲಿಸಿತು. ಈಗ ಇರುವುದೆಲ್ಲ ಹಳೆಯದೇ. ಅದಕ್ಕೇ ನಾನು ಟೇಪುಗಳನ್ನು ಕಂಪ್ಯೂಟರಿಗೆ ಇಳಿಸುವಾಗ ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಮನೆಯವರು ತೆಗೆದ ಟೇಪು ಮೊದಲು. ಆಮೇಲೆ ಊರಿನ ಕಾರ್ಯಕ್ರಮ, ನಾಟಕ, ಕಛೇರಿ, ಶಾಲೆಯ ವಾರ್ಷಿಕೋತ್ಸವ. ಅದಾದ ಮೇಲೆ ಟಿವಿಯಿಂದ ಮುದ್ರಿಸಿಕೊಂಡದ್ದು. ಸಿನಿಮಾ ಕೊನೆಗೆ. ಒಂದು ಟೇಪಿನಿಂದ ಒಂದೇ ಸಲ ಚೆನ್ನಾದ ಚಿತ್ರ ಬರಬಹುದು ಎಂದುಕೊಂಡೇ ಹಾಕಬೇಕು. ಕ್ಯಾಸೆಟ್ಟಿನ ಹಿಂಬದಿಯ ಸಣ್ಣ ಪ್ಲಾಸ್ಟಿಕ್ ಹಲ್ಲನ್ನು ಮೊದಲು ಮುರಿದುಬಿಡಿ. ಆಗ ತಪ್ಪಿ ಯಾರಾದರೂ ರೆಕಾರ್ಡ್ ಗುಂಡಿ ಒತ್ತಿದರೂ ಅಳಿಸುವುದಿಲ್ಲ.

ನನ್ನ ವಿಸಿಆರ್‌ನ ಹೆಡ್ಡು ಸವೆಯುತ್ತಿದೆ. ರಿಪೇರಿ ಮಾಡಿಕೊಡುವ ಹಿರಿಯರು ಇನ್ನೂ ಇದ್ದಾರೆ, ಬಿಡಿಭಾಗ ಇಲ್ಲ. ಮೈಸೂರು, ಮಂಡ್ಯ, ಶ್ರೀರಂಗಪಟ್ಟಣದ ಕಡೆ ಯಾರ ಮನೆಯ ಅಟ್ಟದಲ್ಲಾದರೂ ಹಳೆ ವಿಸಿಆರ್, ವಿಸಿಪಿ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಓಡದಿದ್ದರೂ ಪರವಾಗಿಲ್ಲ. ಅದರ ಡ್ರಮ್ಮು, ರಬ್ಬರ್ ರೋಲರು, ಬೆಲ್ಟು ಇನ್ನೊಂದು ಯಂತ್ರಕ್ಕೆ ಆಗುತ್ತದೆ. ಹತ್ತಿರದಲ್ಲಿ ಟೇಪು ಇಳಿಸುವವರು ಯಾರಿದ್ದಾರೆ ಎಂದು ವಿಚಾರಿಸಿ ಅವರಿಗೆ ಮುಟ್ಟಿಸಿ. ಮಳೆ ಹಿಡಿಯುವುದರೊಳಗೆ ಕೊಟ್ಟರೆ ಇನ್ನೂ ಒಳ್ಳೆಯದು.